ಆರಾಮ ಇದ್ದವರಿಗೆ ದೀಪ ಇಲ್ಲ

ಕೇಳ್ರೆಪ್ಪಾ, ನಗಬೇಕಂದ್ರ ನಗ್ರಿ, ನಡುವ ಬಾಯಿ ಹಾಕಬ್ಯಾಡ್ರಿ. ಹೊಳಿ ದಂಡಿ ಊರಾಗ ತಂಗೆವ್ವ ಅಂತ ಒಬ್ಬಾಕಿ ಇದ್ಳು. ಗಂಡ ಸತ್ತು ಇಪ್ಪತ್ತು ವರ್ಷ. ಯಾರು ಕೇಳಿದ್ರೂ "ಆರಾಮದೀನ್ರಿ" ಅನ್ನೂದೊಂದ ಮಾತು. ಆಕಿ ಮಗ ಅಡಿವೆಪ್ಪ. ಮೀಸಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಹೊಳಿ ಏರಿದ್ರ ಆ ಊರಿಗೆ ವಾರಗಟ್ಟಲೆ ಕರೆಂಟ್ ಇಲ್ಲ. ಅದಕ್ಕ ಊರವರು ಸಮುದಾಯ ಭವನದ ಮಾಳಿಗಿ ಮ್ಯಾಲ ಸೋಲಾರ್ ಪ್ಲೇಟ್ ಕೂಡಿಸಿ, ಒಳಗ ಬ್ಯಾಟ್ರಿ ಇಟ್ರು. ತಂಗೆವ್ವ ಅವರಿವರ ಕಾಲು ಹಿಡಿದು, ಭವನದ ಕೀಲಿಕೈ ಮಗನ ಕೈಗೆ ಕೊಡಿಸಿದ್ಳು.

"ಮಗನ, ಪ್ಲೇಟಿನ ಮ್ಯಾಲ ಧೂಳ ಕೂಡಬಾರದು ನೋಡು!"

"ಆತು ಬಿಡಬೇ."

ಧೂಳ ಕೂಡಬಾರದಂತ ಕೌದಿ ಹೊಚ್ಚಿದ! ಕೌದಿ ಹಾರಬಾರದಂತ ತಾನೂ ಮ್ಯಾಲ ಮಲಗಿದ. ಬೆಚ್ಚಗಿತ್ತು. ಆಕಾಶ ತೇಲಿಕೋತ ಹೊಂಟಿತ್ತು, ಅಡಿವೆಪ್ಪನೂ ಕನಸಿನ್ಯಾಗ ಅದರ ಹಿಂದ ಹೊಂಟಿದ್ದ. ಬ್ಯಾಟ್ರಿ ಖಾಲಿ.

"ಅಯ್ಯ ಹುಚ್ಚ ಖೋಡಿ! ಪ್ಲೇಟಿಗೆ ನೆಳ್ಳ ತಾಗಬಾರದೋ!"

"ಆತು ಬಿಡಬೇ."

ನಾಕು ದಿನ ಬಿಸಿಲು ಬಿತ್ತು, ಬ್ಯಾಟ್ರಿ ತುಂಬಿತು. ಐದನೇ ದಿನ ಮೋಡ ಬಂತು. ಅಡಿವೆಪ್ಪ ಮಾಳಿಗಿ ಏರಿ ಬಡಿಗಿ ಬೀಸಿದ್ದ ಬೀಸಿದ್ದು. "ಸರಿ ಅತ್ಲಾಗ! ನೆಳ್ಳ ಬೀಳತೈತಿ!"

"ಮೋಡದ ಗೊಡವಿ ನಿನಗ್ಯಾಕೋ! ಬ್ಯಾಟ್ರ್ಯಾಗ ಇದ್ದದ್ದನ್ನ ಉಳಿಸು. ಆರಾಮ ಇದ್ದವರಿಗೆ ದೀಪ ಹಚ್ಚಬ್ಯಾಡ, ಆರಾಮಿಲ್ಲದವರು ಬಂದ್ರ ಹಚ್ಚು."

"ಆತು ಬಿಡಬೇ."

ಮೂರು ದಿನಕ್ಕ ಹೊಳಿ ಊರೊಳಗ ಬಂತು. ಮುಚ್ಚಂಜಿಗೆ ಕರೆಂಟ್ ಹೋತು. ಮಂದಿ ತೊಯ್ಸಿಕೊಂಡು, ಕೂಸುಗಳನ್ನ ಎತ್ತಿಕೊಂಡು ದೋಣ್ಯಾಗ ಭವನಕ್ಕ ಬಂದ್ರು. ಬಾಗಿಲದಾಗ ಅಡಿವೆಪ್ಪ ಒಬ್ಬೊಬ್ಬರನ್ನೂ ಕೇಳಿದ: "ಆರಾಮದೀರಿ?"

ನಮ್ಮ ಮಂದಿ ಏನಂತಾರ? "ಹೂನಪಾ, ಆರಾಮ." ಮನಿ ಹೊಳ್ಯಾಗ ಹೋದವನೂ "ಆರಾಮ"!

ಆರಾಮ ಅಂದವರೆಲ್ಲಾ ಕತ್ತಲದಾಗ ಕೂತ್ರು.

ಒಳಗಿಂದ ಒಬ್ಬಾಂವ ಒದರಿದ: "ಲೇ, ದೀಪ ಹಚ್ಚೋ! ನಿಮ್ಮವ್ವ ಕಡೀ ದೋಣ್ಯಾಗ ಅದಾಳ, ದಂಡಿ ಹೆಂಗ ಕಾಣಬೇಕೋ ಆಕಿಗೆ!"

"ಎಲ್ಲಾರೂ ಆರಾಮ ಅಂದೀರಿ. ಈಗ ಮಾತು ತಿರುಗಿಸಬ್ಯಾಡ್ರಿ!"

ಅಷ್ಟರಾಗ ನೀರಿನ ಕಡಿಂದ ಕೂಗು. "ಅಡಿವ್ಯಾ! ದೀಪ ಹಚ್ಚೋ!"

"ಯವ್ವಾ, ಆರಾಮದೀ?"

ತಂಗೆವ್ವಗ ಇಪ್ಪತ್ತು ವರ್ಷದ ಮಾತು ನಾಲಿಗಿ ತುದೀಗೆ ಬಂತು. ನುಂಗಿದ್ಳು.

"ಆರಾಮಿಲ್ಲೋ ಮಗನ! ನಿಮ್ಮಪ್ಪ ಹೋದಾಗಿಂದ ಒಂದಿನಾನೂ ಆರಾಮಿಲ್ಲೋ!"

ಅಡಿವೆಪ್ಪ ಒಳಗ ಓಡಿದ. ಎಲ್ಲಾ ದೀಪ ಒಮ್ಮೆಲೇ ಹತ್ತಿದ್ವು. ಉಳಿಸಿಟ್ಟ ಬಿಸಿಲೆಲ್ಲಾ ನೀರಿನ ಮ್ಯಾಲ ಹರವಿಕೊಂತು. ಆ ಬೆಳಕಿನ ಹಾದಿ ಹಿಡಿದು ದೋಣಿ ಸಾವಕಾಶ ಬಂತು.

ತಂಗೆವ್ವ ಇಳಿದು ಮಗನನ್ನ ತಬ್ಬಿಕೊಂಡು ಅತ್ತಳು. "ಈಗ ಆರಾಮ ಆತಪಾ."

"ಖರೇನ ಏನಬೇ?"

"ಖರೇನೋ ನನ್ನಪ್ಪ."

ಅಡಿವೆಪ್ಪ ಟಪ್ಪಂತ ದೀಪ ಆರಿಸಿದ.