ಹಿಂದೆ ನೋಡುವ ಗಿಳಿ

ಇಳಕಲ್ಲಿನ ನೇಕಾರನೊಬ್ಬ ತನ್ನ ಅಜ್ಜ ನೇಯುತ್ತಿದ್ದ ಗಿಳಿ ಸೆರಗಿನ ಸೀರೆಯನ್ನು ಮತ್ತೆ ನೇಯತೊಡಗಿದ. ಅಜ್ಜನ ಕೈಯ ಸೀರೆ ಊರಲ್ಲಿ ಉಳಿದಿದ್ದು ಒಂದೇ, ದೇಸಾಯರ ಹೆಂಡತಿ ಸಾವಂತ್ರಕ್ಕನ ಹತ್ತಿರ. ಸುದ್ದಿ ಕೇಳಿದ್ದೇ ಆಕೆ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಮಗ್ಗದ ಮನೆಗೆ ನುಗ್ಗಿದಳು.

“ಇನ್ನ ಓಣಿಗೊಬ್ಬಾಕಿ ಇದನ್ನ ಉಡ್ತಾಳ! ನನ್ನ ಸೀರಿಗೆ ಏನು ಬೆಲಿ ಉಳೀತು? ನೇಯೂದು ನಿಲ್ಲಸು. ಇಲ್ಲಂದ್ರ ನಮ್ಮ ಮನಿ ಖಾಲಿ ಮಾಡು!”

ನೇಕಾರ ಮೆಲ್ಲಗೆ ಅವಳ ಸೀರೆಯ ಸೆರಗು ಬಿಡಿಸಿದ. ಸಾಲಿನಲ್ಲಿ ಒಂದು ಗಿಳಿ ಮಾತ್ರ ಹಿಂದಕ್ಕೆ ಮುಖ ಮಾಡಿತ್ತು. ಅಜ್ಜ ನೇಯುವಾಗ ಮಾಡಿದ ತಪ್ಪು ಅದು. ನೇಕಾರ ಅದನ್ನು ಹೇಳಲಿಲ್ಲ.

“ಅಕ್ಕಾರ, ಹಿಂದ ನೋಡೂ ಗಿಳಿ ಇರೂದು ನಿಮ್ಮ ಸೀರ್ಯಾಗ ಮಾತ್ರ. ನಾ ನೇಯೂವು ಎಲ್ಲಾ ಮುಂದ ನೋಡ್ತಾವ. ಮಂದಿ ಅವನ್ನ ನೋಡದಿದ್ರ, ನಿಮ್ಮ ಗಿಳಿಯ ಗತ್ತು ಹೆಂಗ ತಿಳೀಬೇಕ್ರಿ?”

ಸಾವಂತ್ರಕ್ಕ ಗಿಳಿಯನ್ನು ದಿಟ್ಟಿಸಿದಳು. ಅದು ಮೇಲೆಯೇ ಕಾಣುವ ಹಾಗೆ ಸೀರೆಯನ್ನು ಮಡಚಿದಳು. ಹೊಸ್ತಿಲು ದಾಟಿದವಳು ತಿರುಗಿ ನಿಂತು ಗದರಿದಳು:

“ಏನು ನೋಡಕೋತ ಕುಂತಿ? ಲಗೂನ ನೇಯಿ! ಮೊದಲನೇದು ನಮ್ಮ ನೆಗೆಣ್ಣಿಗೆ, ಮೈದುನನ ಹೆಂಡ್ತಿಗೆ. ಆಕಿ ಸೀರ್ಯಾಗ ಒಂದ ಗಿಳೀನೂ ಹಿಂದ ತಿರುಗಬಾರದು, ನೋಡು!”