ಗಡಿಪಾರು ಬೇಡಿದ ಮಾಚ

“ಕೇಳ್ರಪ್ಪೋ ಕೇಳಿ! ಚಕ್ರವರ್ತಿಗಳ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ. ತಪ್ಪಿದವನಿಗೆ ಗಡಿಪಾರು!”

ರಾಜಧಾನಿಯವರಿಗೆ ಗಡಿಪಾರೆಂದರೆ ಸಾವೇ. ಗಡಿಯಾಚೆ ಇರುವವರೆಲ್ಲ ನರಮಾಂಸ ತಿನ್ನುವ ರಕ್ಕಸರೆಂದು ತೊಟ್ಟಿಲಲ್ಲೇ ಕೇಳಿ ಬೆಳೆದವರು ಅವರು. ಕಂಬಳಿ ನೇಯುವ ಮಾಚನಿಗೆ ಮಾತ್ರ ಡಂಗುರ ಕೇಳಿ ಹೋದ ಜೀವ ಬಂದಂತಾಯಿತು. ಅವನ ಊರು ಗಡಿಹಳ್ಳದ ಈಚೆ, ಮದುವೆಗೆ ಗೊತ್ತಾದ ಹೆಣ್ಣು ಕಾಳವ್ವೆ ಆಚೆ. ವೀಳ್ಯಶಾಸ್ತ್ರ ಮುಗಿದ ಮೇಲೆ ಭಟರು ಹಳ್ಳಕ್ಕೆ ಕಾವಲು ಕೂತು, ದಾಟಹೋದಾಗಲೆಲ್ಲ ಅವನನ್ನು ಬಡಿದು ಅಟ್ಟಿದ್ದರು. ಸುಗ್ಗಿಯವರೆಗೆ ಚಪ್ಪರ ಹಾಕಿ ಕಾಯುವೆ, ಅಷ್ಟರೊಳಗೆ ಬರದಿದ್ದರೆ ಮಗಳನ್ನು ಬೇರೆಯವರಿಗೆ ಕೊಡುವೆನೆಂದು ಮಾವ ಆಚೆ ದಡದಿಂದ ಕೂಗಿ ಹೇಳಿದ್ದ. ಬೇಡಿ ಬೇಡಿ ರೋಸಿಹೋದ ಮಾಚ, ತಪ್ಪು ಉತ್ತರ ಹೇಳಿ ಅರಮನೆ ಖರ್ಚಿನಲ್ಲೇ ಗಡಿ ದಾಟೋಣವೆಂದು ಹೊರಟ.

ಚಕ್ರವರ್ತಿ ಕೇಳಿದ: “ಅದಕ್ಕೆ ಕಾಲಿಲ್ಲ. ದಂಡು ಗೆದ್ದರೆ ಮುಂದೆ ಹೋಗುತ್ತದೆ, ಸೋತರೆ ಹಿಂದೆ ಬರುತ್ತದೆ. ಏನದು?”

“ಧೂಳು” ಎಂದ ಸಾಮಂತನ ಮಗ. “ಕೀರ್ತಿ” ಎಂದ ಆಸ್ಥಾನ ಪಂಡಿತ. ಇಬ್ಬರನ್ನೂ ಹೆಡೆಮುರಿ ಕಟ್ಟಿ ಗಡಿಗೆ ಅಟ್ಟಿದರು. ಅವರ ಗೋಳಾಟ ಕಂಡು ಮಾಚನಿಗೆ ಹೊಟ್ಟೆಕಿಚ್ಚು. ಸರದಿ ಬಂದಾಗ ಒಂದು ತಪ್ಪು ಉತ್ತರವೂ ಹೊಳೆಯದೆ, “ಥೂ, ಹಾಳು ಗಡಿಯೇ!” ಎಂದು ಹಲ್ಲು ಕಡಿದ.

“ಸರಿ! ಗಡಿಯೇ!” ಎಂದ ಚಕ್ರವರ್ತಿ. “ದೂರದಿಂದ ರಕ್ಕಸ, ಹತ್ತಿರ ಹೋದರೆ ಮನುಷ್ಯ. ಯಾರು?”

ಇದಾದರೂ ತಪ್ಪಲೆಂದು ಮಾಚ, “ನಮ್ ಮಾವ” ಎಂದ.

“ಎಲ್ಲಿಯವನು?”

“ಹಳ್ಳದಾಚೆಯವ್ನು ಬುದ್ಧೀ.”

“ಸರಿ! ಗಡಿಯಾಚೆಯವನೇ ಉತ್ತರ.”

ಮಾಚ ಹಣೆ ಹಣೆ ಚಚ್ಚಿಕೊಂಡ.

“ಕೊನೆಯದು. ನಮ್ಮ ರಾಜ್ಯ ಮುಗಿಯುವುದೆಲ್ಲಿ?”

ಬೈದರಾದರೂ ಓಡಿಸಿಯಾರೆಂದು ಮಾಚ ಕಿರುಚಿದ: “ನಿಮ್ ಭಟರಿಗೆ ಹೆದ್ರಿಕೆ ಶುರುವಾಗೋ ಕಡೆ!”

ಚಕ್ರವರ್ತಿ ತಲೆದೂಗಿದ. “ನಿಜ. ಹಳ್ಳದಾಚೆ ರಕ್ಕಸರೆಂದು ದಂಡು ಅಲ್ಲೇ ನಿಂತಿತು, ಅಲ್ಲೇ ಗಡಿಕಲ್ಲು ನೆಟ್ಟೆವು. ಇಂದಿನಿಂದ ನೀನು ನಮ್ಮ ಅಳಿಯ.”

ಮಾಚ ಗೊಳೋ ಎಂದು ಅತ್ತ. “ನನ್ ಹೆಣ್ಣು ಆಚೆ ಅವ್ಳೆ ಬುದ್ಧೀ! ಗಡಿಪಾರು ಮಾಡಿ, ನಿಮ್ ಧರ್ಮ!”

ಮೊದಲು ನಕ್ಕವಳು ರಾಜಕುಮಾರಿ. “ಅಪ್ಪಾಜಿ, ಕೇಳಿದ ಬಹುಮಾನ ಕೊಟ್ಟುಬಿಡಿ.”

ಗಡಿಪಾರಾದವನು ಸತ್ತವನಿಗೆ ಸಮವೆಂದು, ಕೊರಳಿಗೆ ಹೂಮಾಲೆ ಹಾಕಿ ತಮಟೆ ಬಡಿಯುತ್ತ ಕರೆದೊಯ್ಯುವುದು ಅಲ್ಲಿಯ ಪದ್ಧತಿ. ಮಾಚನನ್ನೂ ಹಾಗೇ ಕರೆತಂದರು. ಆಚೆ ದಡದಲ್ಲಿ ಮಾವ ತಮಟೆ ಕೇಳಿದ, ಹಾರ ಕಂಡ. “ದಿಬ್ಬಣ ಬಂತು! ಬನ್ನಿ ಬೀಗರೇ, ಎಲೆ ಹಾಕಿದೆ” ಎಂದು ಕೂಗಿದ.

ಭಟರು ಹೆದರಿ ಹೆದರಿ ಇಣುಕಿದರು. ಚಪ್ಪರದಲ್ಲಿ ಧೂಳು ಎಂದವನೂ ಕೀರ್ತಿ ಎಂದವನೂ ಕೂತು ಹೋಳಿಗೆಗೆ ತುಪ್ಪ ಕೇಳುತ್ತಿದ್ದರು. ಭಟರು ಈಟಿಗಳನ್ನು ಗಡಿಕಲ್ಲಿಗೆ ಒರಗಿಸಿ, ಹಳ್ಳದಲ್ಲಿ ಕಾಲು ತೊಳೆದು, ಪಂಕ್ತಿಗೆ ಕೂತರು.