ಬಂದರಿನ ಅಳತೆಗೋಲು ಮತ್ತು ಉಪಗ್ರಹ

ಬಂದರಿನ ಕೆಸರಿನಲ್ಲಿ ಒಂದು ಅಳತೆಗೋಲು ನಿಂತಿತ್ತು. ಸಮುದ್ರ ಎಷ್ಟು ಏರಿತೆಂದು ತೋರಿಸುವುದು ಅದರ ಉದ್ಯೋಗ. ನೀರು ಕುತ್ತಿಗೆಗೆ ಬಂದ ದಿನ ಅದು ಸಮುದ್ರವನ್ನು ಗದರಿತು: “ಏನಿದು ಅಹಂಕಾರ? ಇಷ್ಟು ಏರುವುದೇ?”

ಮೇಲೆ ಹಾದುಹೋಗುತ್ತಿದ್ದ ಉಪಗ್ರಹ ಹೇಳಿತು: “ಸ್ವಾಮಿ, ನಾನು ಇಡೀ ಸಮುದ್ರವನ್ನು ಆಕಾಶದಿಂದ ಅಳೆಯುತ್ತೇನೆ. ಅದು ಏರಿರುವುದು ಬೆರಳಿನಷ್ಟು. ಮಿಕ್ಕಿದ್ದು ತಾವು ಕೆಸರಿನಲ್ಲಿ ಕುಸಿದದ್ದು. ಒಪ್ಪಿಕೊಂಡರೆ ನಮ್ಮ ವಿಜ್ಞಾನಿ ಅಮ್ಮನವರಿಗೆ ತಿಳಿಸುತ್ತೇನೆ. ತಮ್ಮನ್ನು ಎತ್ತಿಸಿ ಬಂಡೆಯ ಮೇಲೆ ನಿಲ್ಲಿಸುತ್ತಾರೆ.”

“ಕುಸಿಯುವುದೇ? ನಾನೇ? ನಿಂತ ಜಾಗದಿಂದ ಎಂದೂ ಕದಲಿದವನಲ್ಲ! ಹಗಲೂ ರಾತ್ರಿ ಸುತ್ತುವ ನೀನು ನನಗೆ ಬುದ್ಧಿ ಹೇಳುತ್ತೀಯಾ?”

ಕೋಲಿನ ತಲೆಯ ಮೇಲೆ ಕುಳಿತಿದ್ದ ಏಡಿ ವಿನಯದಿಂದ ಹೇಳಿತು: “ಒಪ್ಪಿಕೊಂಡುಬಿಡಿ ಯಜಮಾನರೇ, ನನ್ನ ಕಾಲು ಒದ್ದೆಯಾಗುತ್ತಿದೆ.”

“ನೀನು ಸುಮ್ಮನಿರು! ಮೊದಲು ಸಮುದ್ರ...” ಎನ್ನುವಷ್ಟರಲ್ಲಿ ಬಾಯಿಗೆ ನೀರು ನುಗ್ಗಿತು. ಕೋಲು ಪೂರ್ತಿ ಮುಳುಗಿತು. ಕೆಳಗಿನಿಂದ ಸಿಟ್ಟಿನ ಗುಳ್ಳೆಗಳು ಎದ್ದವು.

“ಏನಂದರು?” ಎಂದು ಉಪಗ್ರಹ ಕೇಳಿತು.

ಏಡಿ ಈಜುತ್ತಾ ಉತ್ತರಿಸಿತು: “ಸಮುದ್ರ ಕ್ಷಮೆ ಕೇಳುವವರೆಗೆ ಮೇಲೆ ಬರುವುದಿಲ್ಲವಂತೆ.”